ಸಿಗ್ನಲ್‌ನಲ್ಲಿ ಮಾತ್ರ ಕಾರು ಬಿಸಿಯಾಗುತ್ತಿದ್ದರೆ, ಮೊದಲು ರೇಡಿಯೇಟರ್ ಫ್ಯಾನ್ ನೋಡಿಸಿ

ಖಾಲಿ ರಸ್ತೆಯಲ್ಲಿ ಚೆನ್ನಾಗಿ ಓಡುವ ಕಾರು ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಬಿಸಿಯಾಗುತ್ತಿದೆಯಾ? ಹಾಗಿದ್ದರೆ ಗ್ಯಾರೇಜಿನವರು ಹೇಳಿದ ಪಾರ್ಟ್‌ಗಳಿಗೆಲ್ಲ ಹ್ಞೂಂ ಅನ್ನುವ ಮೊದಲು ಇದನ್ನು ಓದಿ. ನನ್ನ ಜೇಬಿಗೂ ಕತ್ತರಿ ಬಿತ್ತು, ತುಂಬಾ ದಿನದಿಂದ ಕಾದಿದ್ದ ಕೊಳಲು ಕಛೇರಿಯ ಅರ್ಧವೂ ಹೋಯಿತು.

ಸಿಗ್ನಲ್‌ನಲ್ಲಿ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಗಾಡಿ ಓಡಲು ಶುರುವಾದರೆ ತಾನಾಗಿಯೇ ಇಳಿಯುತ್ತಿತ್ತು. ಗ್ಯಾರೇಜಿನಲ್ಲಿ ಇದನ್ನೇ ಹೇಳಿದೆ. ಮೆಕ್ಯಾನಿಕ್ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಥರ್ಮೋಸ್ಟಾಟ್ ಹೋಗಿದೆ ಸಾರ್, ಈ ಗಾಡಿಗೆ ಇದು ಕಾಮನ್ನು" ಅಂದ, ಬದಲಾಯಿಸಿದ. (ಬಿಸಿಯಾದಾಗ ತೆರೆದು ಎಂಜಿನ್ನಿನ ನೀರನ್ನು ತಣ್ಣಗಾಗಲು ಬಿಡುವ ಕವಾಟ ಅದು.) ಮನೆ ತಲುಪುವಷ್ಟರಲ್ಲಿ ಮುಳ್ಳು ಮತ್ತೆ ಮೇಲೆ. ಆಮೇಲೆ ಆ ನೀರನ್ನು ತಣ್ಣಗಾಗಿಸುವ ರೇಡಿಯೇಟರ್ ಕಟ್ಟಿಕೊಂಡಿದೆ ಎಂದಾಯಿತು. ಅದೂ ಹೊಸದು ಬಂತು. "ಇನ್ನು ಧೈರ್ಯವಾಗಿ ಹೋಗಿ ಬನ್ನಿ ಸಾರ್" ಅಂದ.

ಧೈರ್ಯವಾಗಿಯೇ ಕಛೇರಿಗೆ ಹೊರಟೆ. ಹಾಲ್ ಇನ್ನೂ ದೂರವಿರುವಾಗಲೇ ಟ್ರಾಫಿಕ್ ಜಾಮ್. ಮುಳ್ಳು ಕೆಂಪು ಗೆರೆ ಮುಟ್ಟಿತು, ಬಾನೆಟ್ ಸಂದಿಯಿಂದ ಹಬೆ ಬಂತು. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದೆ. ಆಗ ಬಂದ ಪುಣ್ಯಾತ್ಮರೊಬ್ಬರು "ರೇಡಿಯೇಟರ್ ಮುಚ್ಚಳ ತೆಗೆದು ನೀರು ಹಾಕಿ" ಎಂದು ಕೈ ಚಾಚಿಯೇಬಿಟ್ಟರು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಒಳಗೆ ಒತ್ತಡ ಇರುವುದರಿಂದ ಆ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಸುಮಾರು 120ರವರೆಗೂ ತಡೆಯುತ್ತದೆ. ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿದು ಅಷ್ಟೂ ನೀರು ಒಮ್ಮೆಗೇ ಉಕ್ಕಿ ಮುಖಕ್ಕೆ ಹಾರುತ್ತದೆ. ಎಂಜಿನ್ ತಣ್ಣಗಾಗುವವರೆಗೆ ಸುಮ್ನೆ ಕಾಯಬೇಕು, ಬೇರೆ ದಾರಿಯಿಲ್ಲ.

ಅಸಲಿ ಕಾಯಿಲೆ ಹಿಡಿದದ್ದು ಟೋಯಿಂಗ್ ಗಾಡಿಯ ಹುಡುಗ. ತಣ್ಣಗಾದ ಮೇಲೆ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ತುಂಬಿಸಿ, ಸ್ಟಾರ್ಟ್ ಮಾಡಿಸಿ, ಎಸಿ ಹಾಕಿಸಿದ. ಎಸಿ ಹಾಕಿದರೆ ಸಾಮಾನ್ಯವಾಗಿ ರೇಡಿಯೇಟರ್ ಫ್ಯಾನ್ ತಿರುಗಬೇಕು. ಬಾನೆಟ್ ಒಳಗೆ ಬಗ್ಗಿ, "ಸಾರ್, ಫ್ಯಾನೇ ತಿರುಗ್ತಾ ಇಲ್ವಲ್ಲ!" ಅಂದ. ಫ್ಯೂಸ್ ಡಬ್ಬಿಯಿಂದ ಅದೇ ನಮೂನೆಯ ಇನ್ನೊಂದು ರಿಲೇ (ಕರೆಂಟ್ ಹಾಯಿಸುವ ಪುಟ್ಟ ಸ್ವಿಚ್) ಕಿತ್ತು ಫ್ಯಾನಿನ ಜಾಗಕ್ಕೆ ಸಿಕ್ಕಿಸಿದ. ಗುಂಯ್ ಎಂದು ಫ್ಯಾನ್ ಶುರು! ಹೋಗಿದ್ದದ್ದು ಬೆಂಕಿಪೊಟ್ಟಣದಷ್ಟೂ ದೊಡ್ಡದಿಲ್ಲದ ಒಂದು ರಿಲೇ. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ನಾನು ಹೇಳಿದ ಲಕ್ಷಣದಲ್ಲೇ ಉತ್ತರ ಇತ್ತು, ಅಲ್ವಾ?

ಅಷ್ಟು ಕಾದ ಗಾಡಿಯನ್ನು ಮತ್ತೆ ಓಡಿಸಲು ಮನಸ್ಸಾಗಲಿಲ್ಲ. ಅದನ್ನು ಅವನ ಜೊತೆ ಕಳಿಸಿ, ಸಿಕ್ಕ ಬಾಡಿಗೆ ಗಾಡಿ ಹತ್ತಿದೆ. ಹಾಲ್ ತಲುಪಿದಾಗ ಬಾಗಿಲು ಹಾಕಿತ್ತು. ನುಡಿಸುತ್ತಿರುವುದು ಮುಗಿಯದೆ ಬಿಡುವುದಿಲ್ಲ ಎಂದರು. ಸರಿಯಾದದ್ದೇ, ಬೇಜಾರಿಲ್ಲ. ಆದರೆ ದಪ್ಪ ಬಾಗಿಲಾಚೆಯಿಂದ ಬರುತ್ತಿದ್ದದ್ದು ತಾಳವಾದ್ಯದ ಧಂ ಧಂ ಮಾತ್ರ. ಕೆಳಗಿನ ಸ್ಥಾಯಿಯ ಸದ್ದು ಬಾಗಿಲು, ಗೋಡೆ ದಾಟುತ್ತದೆ. ಕೊಳಲಿನ ಮೇಲಿನ ಸ್ವರಗಳು ಅಲ್ಲೇ ನಿಲ್ಲುತ್ತವೆ. ಯಾವುದಕ್ಕೆ ಬಂದಿದ್ದೆನೋ ಅದೊಂದನ್ನು ಬಿಟ್ಟು ಉಳಿದದ್ದು ಕೇಳುತ್ತಾ ನಿಂತಿದ್ದೆ.

ಒಳಗೆ ಹೋಗಿ ಕೂತ ಮೇಲೆ ಸಿಟ್ಟೆಲ್ಲ ಇಳಿಯಿತು. ಕೊಳಲಿನವರು ಊದುವ ಮುನ್ನ ಎಳೆದುಕೊಳ್ಳುವ ಉಸಿರು ನಾಲ್ಕನೇ ಸಾಲಿನವರೆಗೂ ಕೇಳುತ್ತಿತ್ತು. ರೆಕಾರ್ಡಿಂಗ್‌ಗಳಲ್ಲಿ ಎಷ್ಟೋ ಸಲ ಅದನ್ನು ಅಳಿಸಿಬಿಡುತ್ತಾರೆ. ತಾಳದವರ ಎಡಗೈ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗುತ್ತಿದೆ ಅನ್ನಿಸಿತು. ಫೋನಿನ ಪುಟ್ಟ ಸ್ಪೀಕರ್‌ಗೆ ಆ ಕೆಳಗಿನ ಸದ್ದು ಹೊರಡಿಸಲು ತಾಕತ್ತೇ ಇಲ್ಲ. ಒಂದು ಕಡೆ ಕೊಳಲು ಏನೋ ಹೊಸ ತಿರುವು ತೆಗೆದುಕೊಂಡಿತು. ತಾಳದವರು ತಲೆಯೆತ್ತಿ ನೋಡಿ, ನಕ್ಕು, ಮುಂದಿನ ಆವರ್ತದಲ್ಲಿ ಅದನ್ನೇ ಬೆರಳಲ್ಲಿ ಹಿಂತಿರುಗಿಸಿದರು. ಆ ನಗುವಿಗಾಗಿಯೇ ನಾನು ಕಛೇರಿಗೆ ಹೋಗುವುದು. ಕಳೆದುಹೋದ ಅರ್ಧದಲ್ಲಿ ಇಂಥವು ಎಷ್ಟಿದ್ದವೋ. ಆ ಲೆಕ್ಕ ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಗ್ಯಾರೇಜಿಗೆ ಹೋಗಿ ದುಡ್ಡು ವಾಪಸ್ ಕೇಳಿದೆ. "ಹಳೇದಾಗಿತ್ತಲ್ವಾ ಸಾರ್, ಯಾವತ್ತಾದ್ರೂ ಹಾಕಲೇಬೇಕಿತ್ತು" ಅಂತ ಉತ್ತರ. ತೆಗೆದ ಥರ್ಮೋಸ್ಟಾಟ್ ಕೊಡಿ ಎಂದರೆ ಗುಜರಿಗೆ ಹೋಯಿತಂತೆ. ಅದು ಕೈಲಿದ್ದಿದ್ದರೆ ಬಿಸಿನೀರಿಗೆ ಹಾಕಿ ನೋಡಬಹುದಿತ್ತು. ಚೆನ್ನಾಗಿದ್ದರೆ ಸಾಮಾನ್ಯವಾಗಿ 80-90 ಡಿಗ್ರಿ ಸುಮಾರಿಗೆ ತೆರೆದುಕೊಳ್ಳುತ್ತದೆ. ಅದಕ್ಕೇ ಹೇಳುವುದು, ಬಿಚ್ಚುವ ಮೊದಲೇ ಹಳೇ ಪಾರ್ಟ್ ನನಗೇ ಬೇಕು ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. "ಏನು ಟೆಸ್ಟ್ ಮಾಡಿ ಇದು ಹೋಗಿದೆ ಅಂತ ಗೊತ್ತಾಯ್ತು?" ಎಂದು ಕೇಳಿ. "ಅನುಭವ ಸಾರ್" ಅಂದರೆ ಕೀ ವಾಪಸ್ ತೆಗೆದುಕೊಂಡು ಹೊರಡಿ. ಹೀಗೆ ಕಾದ ಗಾಡಿಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿದೆ ಅಂತಲೂ ಹೆದರಿಸುತ್ತಾರೆ. ನಿಜಕ್ಕೂ ಹೋಗಿರಬಹುದು. ಆದರೆ ಕೂಲೆಂಟಿಗೆ ಎಂಜಿನ್ ಹೊಗೆ ಸೇರುತ್ತಿದೆಯಾ ಅಂತ ನೋಡುವ ಟೆಸ್ಟ್ ಇದೆ. ಅದನ್ನು ಮಾಡಿಸದೆ ಎಂಜಿನ್ ಬಿಚ್ಚಲು ಬಿಡಬೇಡಿ.

ರಿಪೇರಿ ಆದ ಮೇಲೆ ಟ್ರಯಲ್‌ಗೆ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ "ನೋಡಿ, ಸರಿಯಾಗಿದೆ" ಅನ್ನುತ್ತಾರೆ. ಆ ಸುತ್ತಿನಲ್ಲಿ ನನ್ನ ಗಾಡಿ ಮೊದಲೂ ಸರಿಯಾಗಿಯೇ ಇತ್ತು. ಎಸಿ ಆಫ್ ಮಾಡಿ, ಎಂಜಿನ್ ಆನ್ ಇಟ್ಟು, ಗ್ಯಾರೇಜಿನ ಮುಂದೆಯೇ ನಿಲ್ಲಿಸಿಕೊಳ್ಳಿ. ಫ್ಯಾನ್ ತಾನಾಗಿ ಶುರುವಾಗಿ, ತಾನಾಗಿ ನಿಂತ ಮೇಲೆ ದುಡ್ಡು ಕೊಡಿ.