ಟ್ವಿಸ್ಟೆಡ್ ಜೊತೆ ಆರು ಮಳೆಗಾಲ

ಪೈಥಾನ್ ಭಾಷೆಯಲ್ಲಿ ನೆಟ್‌ವರ್ಕ್ ಸರ್ವರ್ ಬರೆಯಲು ನೆರವಾಗುವ ಟ್ವಿಸ್ಟೆಡ್ ಎಂಬ ಚೌಕಟ್ಟಿಗೆ ನಾನು ಬಂದದ್ದು ಜಿಪುಣತನದಿಂದ. ಸಾಗರದ ನಮ್ಮ ಮನೆಯ ಅಟ್ಟದಲ್ಲಿ ಕೀಲೂ ಬ್ಯಾಟರಿಯೂ ಹೋದ ಹಳೆಯ ಲ್ಯಾಪ್‌ಟಾಪೊಂದಿದೆ. ವೆಬ್‌ಗೊಂದು, ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೊಂದು, ಮೇಲ್‌ಗೊಂದು ಎಂದು ಬೇರೆ ಬೇರೆ ಸರ್ವರ್ ಹಾಕಿದರೆ ಏದುಸಿರು ಬಿಡುತ್ತದೆ. ಮೂರನ್ನೂ ಒಂದೇ ಪೈಥಾನ್ ಕಡತದಲ್ಲಿ ಪೋಣಿಸಿ ಒಂದೇ ಪ್ರೋಸೆಸ್, ಅಂದರೆ ಓಡುತ್ತಿರುವ ಒಂದೇ ಪ್ರೋಗ್ರಾಂ ಆಗಿ ನಡೆಸುತ್ತಿದ್ದೇನೆ.

ಬೆಳಗ್ಗೆ ಕಾಫಿ ಲೋಟ ಹಿಡಿದು ಲಾಗ್ ತೆರೆಯುವುದೇ ನನ್ನ ಪತ್ರಿಕೆ ಓದು. ಮೂರೂ ಸೇವೆಗಳ ಸುದ್ದಿ ಒಂದೇ ಕಡೆ. ರಾತ್ರಿ ಎರಡಕ್ಕೆ ಯಾರೋ ವರ್ಡ್‌ಪ್ರೆಸ್ ಲಾಗಿನ್ ಪುಟ ಹುಡುಕಿಕೊಂಡು ಬಂದು 'ಪುಟ ಇಲ್ಲ' ಎಂಬ 404 ಪಡೆದು ಹೋಗಿರುತ್ತಾರೆ. ನನ್ನಲ್ಲಿ ವರ್ಡ್‌ಪ್ರೆಸ್ಸೇ ಇಲ್ಲ, ಪಾಪ.

ಆದರೆ ಆ ಪಿಐಡಿ ಕಡತ! ಟ್ವಿಸ್ಟೆಡ್ ಸರ್ವರ್‌ಗಳನ್ನು ಓಡಿಸುವ ಪ್ರೋಗ್ರಾಂ ಟ್ವಿಸ್ಟ್‌ಡಿ. ಅದು ಹೊರಡುವಾಗ ತನ್ನ ಪ್ರೋಸೆಸ್ ಸಂಖ್ಯೆಯನ್ನು ಅದರಲ್ಲಿ ಬರೆದಿಡುತ್ತದೆ, ನಿಲ್ಲುವಾಗ ಅಳಿಸುತ್ತದೆ. ಕರೆಂಟ್ ಹೋದರೆ ಅಳಿಸುವವರು ಯಾರು? ಮತ್ತೆ ಎದ್ದಾಗ ಆ ಸಂಖ್ಯೆ ಖಾಲಿಯಿದ್ದರೆ ಹಳೆಯ ಕಡತವನ್ನು ತಾನೇ ತೆಗೆದು ಮುಂದುವರಿಯುತ್ತದೆ. ಬೇರೆ ಯಾವುದಾದರೂ ಪ್ರೋಗ್ರಾಂಗೆ ಆ ಸಂಖ್ಯೆ ಸಿಕ್ಕಿದ್ದರೆ, ಅದು ಯಾರೆಂದು ವಿಚಾರಿಸದೆ, ಇನ್ನೊಂದು ಟ್ವಿಸ್ಟ್‌ಡಿ ಓಡುತ್ತಿದೆ ಎಂದು ಮುಷ್ಕರ ಹೂಡುತ್ತದೆ. ಯಂತ್ರ ಶುರುವಾಗುವಾಗ ಸಂಖ್ಯೆಗಳು ಪ್ರತಿಸಲವೂ ಹೆಚ್ಚುಕಡಿಮೆ ಅದೇ ಸಾಲಿನಲ್ಲಿ ಹಂಚಿಕೆಯಾಗುವುದರಿಂದ ನಮ್ಮಲ್ಲಿ ಇದು ಅಪರೂಪವಲ್ಲ. ಮಲೆನಾಡಿನ ಮಳೆ ಗೊತ್ತಲ್ಲ.

ಒಂದು ಜುಲೈನಲ್ಲಿ ನಾನು ಮದುವೆಗೆಂದು ಶಿರಸಿಯಲ್ಲಿದ್ದೆ. ಕರೆಂಟ್ ಹೋಗಿ ಬಂದಾಗ, ಹಳೆಯ ಕಡತದಲ್ಲಿ ಉಳಿದಿದ್ದ 812ನೆಯ ಸಂಖ್ಯೆಯನ್ನು ಪ್ರಿಂಟರ್ ಸೇವೆ ಹಿಡಿದು ಕುಳಿತಿತ್ತು; ಟ್ವಿಸ್ಟ್‌ಡಿ ಏಳಲೇ ಇಲ್ಲ. ಡಿಎನ್‌ಎಸ್ ಇಲ್ಲವೆಂದರೆ ಮನೆಯಲ್ಲಿ ಇಂಟರ್ನೆಟ್ಟೇ ಇಲ್ಲ. ಹೆಂಡತಿ ಫೋನ್ ಮಾಡಿ, "ರೀ, ಮಗಳಿಗೆ ನಾಳೆ ಪರೀಕ್ಷೆ. ಅಟ್ಟ ಮಾತ್ರ ನಾನು ಹತ್ತುವುದಿಲ್ಲ" ಎಂದಳು. ಊಟದ ಪಂಕ್ತಿ ಬಿಟ್ಟು ಬಸ್ ಹತ್ತಿದೆ.

ಬೈಯಲೆಂದೇ ಕೈಪಿಡಿ ತೆರೆದೆ. ಪರಿಹಾರ ಅಲ್ಲೇ, ಯಂತ್ರದಲ್ಲಿ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಅಧ್ಯಾಯದಲ್ಲಿತ್ತು: ಪಿಡ್‌ಫೈಲ್ ಆಯ್ಕೆಯ ಮುಂದೆ ಏನೂ ಬರೆಯದೆ ಖಾಲಿ ಬಿಡುವುದು; ಆಗ ಆ ಕಡತವೇ ಹುಟ್ಟುವುದಿಲ್ಲ. ಅಷ್ಟೇ. ವರ್ಷಗಟ್ಟಲೆ ನಾನು ಎರಡನೆಯ ಪುಟ ದಾಟಿರಲಿಲ್ಲ. ಅಂದಿನಿಂದ ಬೈಗುಳ ಅರ್ಧಕ್ಕಿಳಿಯಿತು.

ಉಳಿದರ್ಧ ಬೇರೆ ಕಾರಣಕ್ಕೆ. ನಿಮ್ಮ ಕೋಡ್‌ನಲ್ಲಿ ಎಲ್ಲೋ 'ಇಷ್ಟು ಹೊತ್ತು ಸುಮ್ಮನಿರು' ಎನ್ನುವ ಒಂದು ಸ್ಲೀಪ್ ನುಸುಳಿದರೆ ಮೂರೂ ಸೇವೆಗಳು ಒಟ್ಟಿಗೆ ತೂಕಡಿಸುತ್ತವೆ, ಏಕೆಂದರೆ ಎಲ್ಲವನ್ನೂ ತಿರುಗಿಸುವ ರಿಯಾಕ್ಟರ್ ಒಂದೇ. ಪೈಥಾನ್ ಬರೆಯಲು ಬೇಸರವಿರುವವರು ಇತ್ತ ಬರಬೇಡಿ. ನನಗಂತೂ ಬಿಡುವ ಮನಸ್ಸಿಲ್ಲ, ಹೊಸ ಯಂತ್ರಕ್ಕೆ ದುಡ್ಡೂ ಇಲ್ಲ.

ಈ ಜೂನ್‌ನಲ್ಲಿ ಒಂದೇ ರಾತ್ರಿ ನಾಲ್ಕು ಸಲ ಕರೆಂಟ್ ಹೋಯಿತು. ಬೆಳಗ್ಗೆ ನೋಡಿದರೆ ಲಾಗ್‌ನಲ್ಲಿ ಸರ್ವರ್ ಶುರುವಾದ ಸಾಲು ನಾಲ್ಕು, ಅವುಗಳ ನಡುವೆ ಅದೇ ವರ್ಡ್‌ಪ್ರೆಸ್ ಹುಡುಕುವವನು.