ಅಲ್ಟ್ರಾಸೌಂಡ್ ಥೆರಪಿ ಮಷಿನ್‌ಗೆ ಫುಲ್-ಬ್ರಿಡ್ಜ್ ಡ್ರೈವರ್ ಬೋರ್ಡ್: ಬೋರ್ಡ್ ಓಕೆ, ಜೊತೆಗೆ ಬರುವ ಫಿಲ್ಟರ್ ಬೇಡ

ಫಿಸಿಯೋಥೆರಪಿ ಮಷಿನ್‌ಗಳ ರಿಪೇರಿ ನನ್ನ ಕೆಲಸ. ಹಳೆಯ 1 ಮೆಗಾಹರ್ಟ್ಸ್ ಅಲ್ಟ್ರಾಸೌಂಡ್ ಮಷಿನ್ ಒಂದಕ್ಕೆ ಈ ಫುಲ್-ಬ್ರಿಡ್ಜ್ ಬೋರ್ಡ್ (ನಾಲ್ಕು ಸ್ವಿಚ್‌ಗಳಿಂದ ಕ್ರಿಸ್ಟಲ್‌ಗೆ ಕರೆಂಟ್ ಕೊಡುವ ಸರ್ಕ್ಯೂಟ್) ಕೂರಿಸಿದ ಮೇಲೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಅಗ್ಗದ ಡ್ರೈವರ್‌ಗಳು ಹೆಡ್‌ಗೆ (ಮೈಮೇಲೆ ಆಡಿಸುವ, ಕ್ರಿಸ್ಟಲ್ ಇರುವ ಭಾಗ) ಸ್ಕ್ವೇರ್ ವೇವ್ ತಳ್ಳುತ್ತವೆ. ಅದರಲ್ಲಿ ಮೂರನೇ ಹಾರ್ಮೋನಿಕ್, ಅಂದರೆ ಮೂರು ಪಟ್ಟು ಫ್ರೀಕ್ವೆನ್ಸಿಯ ಅಲೆ, ಮೂಲ ಅಲೆಯ ಮೂರನೇ ಒಂದು ಭಾಗದಷ್ಟಿರುತ್ತದೆ. ಬೇರೆ ಲೋಡ್ ಆಗಿದ್ದರೆ ಸುಮ್ನೆ ಬಿಡಬಹುದಿತ್ತು. ಆದರೆ 1 ಮೆಗಾಹರ್ಟ್ಸ್ ಕ್ರಿಸ್ಟಲ್ 3 ಮೆಗಾಹರ್ಟ್ಸ್ ಹತ್ತಿರವೂ ಚೆನ್ನಾಗಿ ಕಂಪಿಸುತ್ತದೆ. ಒಂದೇ ಹೆಡ್‌ನಲ್ಲಿ 1 ಮತ್ತು 3 ಎರಡೂ ಸಿಗುವುದು ಇದರಿಂದಲೇ ಅಲ್ವಾ? ಆಳದ ಸ್ನಾಯುವಿಗೆ ಅಂತ 1ಕ್ಕೆ ಇಟ್ಟರೆ, ಕರೆಯದೆ ಬಂದ 3 ಚರ್ಮದ ಹತ್ತಿರವೇ ಬಿಸಿ ಕೊಡುತ್ತದೆ.

ಈ ಬೋರ್ಡ್‌ನಲ್ಲಿ ಪಲ್ಸ್ ಅಗಲ ಬದಲಿಸಬಹುದು. ಅರ್ಧ ಸೈಕಲ್‌ನ 180 ಡಿಗ್ರಿಯಲ್ಲಿ 120 ಡಿಗ್ರಿ ಮಾತ್ರ ಆನ್ ಇಟ್ಟರೆ ಲೆಕ್ಕದ ಪ್ರಕಾರ ಮೂರನೇ ಹಾರ್ಮೋನಿಕ್ ಸೊನ್ನೆ. ಹೆಡ್ ಅನ್ನು ನೀರಿನಲ್ಲಿಟ್ಟು ಸ್ಕೋಪ್‌ನ (ಆಸಿಲ್ಲೋಸ್ಕೋಪ್) ಎಫ್‌ಎಫ್‌ಟಿ, ಅಂದರೆ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ತೋರಿಸುವ ಚಿತ್ರ, ನೋಡಿದೆ. 3ರ ಹತ್ತಿರದ ಮೊನೆ ತಳಕ್ಕೆ ಬಿತ್ತು. ಮೂಲ ಅಲೆಯೂ 0.866ಕ್ಕೆ ಇಳಿಯುತ್ತದೆ, ಅಂದರೆ ಪವರ್ 75 ಶೇಕಡಾ. ಸಪ್ಲೈ ಸುಮಾರು 15 ಶೇಕಡಾ ಏರಿಸಿದರೆ ಸರಿಹೋಗುತ್ತದೆ. ಐದನೆಯದು ಹಾಗೇ ಉಳಿಯುತ್ತದೆ, ಅದಕ್ಕೆ ಫಿಲ್ಟರ್ ಬೇಕೇ ಬೇಕು.

ಗೋಳು ಶುರುವಾಗುವುದು ಆ ಫಿಲ್ಟರ್‌ನಲ್ಲೇ. ಬೋರ್ಡ್ ಜೊತೆ ಬಂದ ಫೆರೈಟ್ ಕಾಯಿಲ್ ಸಣ್ಣದು. ಪವರ್ ಏರಿಸಿದರೆ ಸ್ಯಾಚುರೇಟ್ ಆಗಿ (ಇನ್ನಷ್ಟು ಕಾಂತೀಯತೆ ಹಿಡಿಯಲಾಗದೆ) ತಾನೇ ಹಾರ್ಮೋನಿಕ್ ಹುಟ್ಟಿಸುತ್ತದೆ. ಕೆಪಾಸಿಟರ್‌ಗಳು ಎಕ್ಸ್‌7ಆರ್ ಸೆರಾಮಿಕ್, ವೋಲ್ಟೇಜ್ ಏರಿದಂತೆ ಅವುಗಳ ಕೆಪಾಸಿಟೆನ್ಸೇ ಬದಲಾಗುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಕೆಂಪು ಬಣ್ಣದ ಐರನ್ ಪೌಡರ್ ಟೊರಾಯ್ಡ್ (ಕಾಯಿಲ್ ಸುತ್ತುವ ಬಳೆಯಾಕಾರದ ಕೋರ್), ಮೈಕಾ ಕೆಪಾಸಿಟರ್ ತಂದು ಹಾಕಿದೆ. ಈಗ ಕಾಯಿಲ್ ಮುಟ್ಟಿದರೆ ಉಗುರುಬೆಚ್ಚಗಿದೆ, ಅಷ್ಟೇ.

ಇನ್ನೊಂದು ಕಿರಿಕಿರಿ. ಹೀಟ್‌ಸಿಂಕ್ ಕಾದ ಮೇಲೆ 3ರ ಮೊನೆ ಮೆಲ್ಲಗೆ ತಲೆ ಎತ್ತುತ್ತದೆ. ಸ್ವಿಚ್‌ಗಳನ್ನು ಆನ್-ಆಫ್ ಮಾಡುವ ಗೇಟ್ ಡ್ರೈವರ್‌ನ ತಡ ಬದಲಾಗಿ ಆ 120 ಡಿಗ್ರಿ ಜಾರುತ್ತದೆ. ಹಾಗಾಗಿ ಪಲ್ಸ್ ಅಗಲ ಟ್ರಿಮ್ ಮಾಡುವುದು ಬೋರ್ಡ್ ಕಾದ ಮೇಲೆಯೇ, ತಣ್ಣಗಿರುವಾಗ ಅಲ್ಲ. ಕೈಪಿಡಿಯಲ್ಲಿ ಈ ಮಾತೇ ಇಲ್ಲ.

ಹೆಡ್ ಅಥವಾ ಕೇಬಲ್ ಬದಲಿಸಿದರೆ ಟ್ಯೂನಿಂಗ್ ಮತ್ತೆ ಮೊದಲಿಂದ. ಎಲ್ಲ ಮುಗಿದ ಮೇಲೆ ಪವರ್ ಬ್ಯಾಲೆನ್ಸ್‌ನಲ್ಲಿ (ಅಲ್ಟ್ರಾಸೌಂಡ್ ತಳ್ಳುವ ಬಲದಿಂದ ಪವರ್ ಅಳೆಯುವ ತಕ್ಕಡಿ) ವ್ಯಾಟ್ ಅಳೆಯದೆ ಮಷಿನ್ ಕ್ಲಿನಿಕ್‌ಗೆ ಕೊಡಬೇಡಿ. ಡಿಸ್‌ಪ್ಲೇ ತೋರಿಸುವುದಕ್ಕೂ ನಿಜಕ್ಕೂ 20 ಶೇಕಡಾ ಮೀರಿ ವ್ಯತ್ಯಾಸ ಇರಬಾರದು. ಸ್ಕೋಪ್ ಇಲ್ಲದವರು ಇದನ್ನು ಕೊಳ್ಳುವುದು ದಂಡ. ಇದ್ದವರು ಬೋರ್ಡ್ ಮಾತ್ರ ತಗೊಳ್ಳಿ, ಫಿಲ್ಟರ್ ನೀವೇ ಸುತ್ತಿಕೊಳ್ಳಿ.