ಕೈಯಿಂದ ತಿರುಗಿಸುವ ತುರ್ತು ರೇಡಿಯೊ: ಕೊಳ್ಳುವ ಮುನ್ನ

ನೆರೆ, ಬಿರುಗಾಳಿಗೆ ವಿದ್ಯುತ್ತು, ಮೊಬೈಲ್ ಟವರ್ ಎರಡೂ ಕೈಕೊಟ್ಟಾಗ ಹಳ್ಳಿ ಮನೆಗೆ ಸುದ್ದಿ ತಲುಪಿಸುವುದು ಇಂಥ ಸೆಟ್ಟು. 2000 ಎಂಎಎಚ್ ಬ್ಯಾಟರಿಯ ಮಾದರಿ ರೇಡಿಯೊ, ಟಾರ್ಚಿಗೆ ಧಾರಾಳ ಸಾಕು. ಫೋನ್ ಚಾರ್ಜ್ ಮಾಡುತ್ತದೆ ಎಂಬ ಜಾಹೀರಾತನ್ನು ಮಾತ್ರ ನಂಬಬೇಡಿ: ಆ ಬ್ಯಾಟರಿಯಲ್ಲಿರುವುದು ಸುಮಾರು 7.4 ವ್ಯಾಟ್-ಅವರ್ ಶಕ್ತಿ, 5000 ಎಂಎಎಚ್ ಫೋನಿಗೆ ಬೇಕಾದ್ದು 18ಕ್ಕೂ ಹೆಚ್ಚು. ಹಿಡಿ ತಿರುಗಿಸಿ ತುಂಬಿಸಲು ಹೋದರೆ ತೋಳು ಸೋಲುತ್ತದೆ, ಇಲ್ಲವೇ ಒಳಗಿನ ಪ್ಲಾಸ್ಟಿಕ್ ಗಿಯರ್ ಹಲ್ಲು ಮುರಿಯುತ್ತದೆ. ಸೆಕೆಂಡಿಗೆ ಎರಡು ಸುತ್ತು, ಅದೂ ಒಂದೇ ಹದದಲ್ಲಿ, ಸಾಕು. ಮೇಲಿನ ಅಂಗೈಯಗಲದ ಸೋಲಾರ್ ಫಲಕ ತುಂಬಿಸುವುದು ತೀರಾ ನಿಧಾನ.

ಎಎಂ ಇಲ್ಲದ ಮಾದರಿ ಬೇಡವೇ ಬೇಡ. ಎಫ್‌ಎಂ ಅಲೆ ಗುಡ್ಡದ ಹಿಂದೆ ಸೊರಗುತ್ತದೆ; ಎಎಂ ಬಳಸುವ ಮಧ್ಯಮ ತರಂಗ ನೆಲ ಹಿಡಿದು ದೂರ ಸಾಗುತ್ತದೆ. ಎಎಂ ಗೊರಗೊರ ಅಂದರೆ ಆಂಟೆನಾ ಎಳೆದು ಫಲವಿಲ್ಲ, ಅದು ಎಫ್‌ಎಂಗೆ. ಎಎಂ ಹಿಡಿಯುವ ಫೆರೈಟ್ ಕಡ್ಡಿ ಪೆಟ್ಟಿಗೆಯೊಳಗಿದೆ, ಆದ್ದರಿಂದ ಸೆಟ್ಟನ್ನೇ ನಿಧಾನ ತಿರುಗಿಸಿ.

ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಬದಲಿಗೆಂದು ಎಎಎ ಸೆಲ್ ಹಾಕುವ ಮಾದರಿಯಾದರೆ, ಅವನ್ನು ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತವೆ; ಬೇರೆ ಚೀಲದಲ್ಲಿ ಕಟ್ಟಿಡಿ.